ಮಾರುತಿಗೂ ಒಂದು ಬಾಣಂತನ

ಮಗಳ ಬಾಣಂತನ ಮಾಡಿದ ತಾಯಂದಿರು ಮನೆಮನೆಯಲ್ಲೂ ಇದ್ದಾರೆ. ಅದೇ ಹೊತ್ತಿಗೆ ಅಂಗಳದಲ್ಲಿ ಕಾರಿಗೊಂದು ಬೇರೆ ಎಂಜಿನ್ ಕೂರಿಸಲು ನಿಂತವಳು ನಮ್ಮ ಬೀದಿಯಲ್ಲಂತೂ ನಾನೊಬ್ಬಳೇ. ಹೆಮ್ಮೆಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಆ ಕಾರಿನ ಮೊದಲ ಎಂಜಿನ್ ಹಾಳು ಮಾಡಿದವಳೂ ನಾನೇ!

ನಮ್ಮದು 1998ರ ಮಾರುತಿ 800. ಇಂದಿರಾ ಗಾಂಧಿಯವರು 1983ರ ಡಿಸೆಂಬರಿನಲ್ಲಿ ಮೊದಲ ಕಾರಿನ ಕೀಲಿ ಕೊಟ್ಟಾಗ ನಾನಿನ್ನೂ ಗುಬ್ಬಿಯಲ್ಲಿ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ. ಮುಂದೆ ಮದುವೆಯಾಗಿ ತುಮಕೂರಿಗೆ ಬಂದೆ. ನಮ್ಮವರು ಮೇಷ್ಟರ ಸಂಬಳದಲ್ಲಿ ಸಾಲ ಮಾಡಿ ಬಿಳೀ ಬಣ್ಣದ್ದೊಂದನ್ನು ಮನೆಗೆ ತಂದರು. ಅವರಿಗೆ ಕಣ್ಣಿನ ಪೊರೆ ಬಂದು ದೂರದ್ದು ಮಂಜಾದ ಮೇಲೆ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಹೇಳಿಕೊಟ್ಟವರು ಕ್ಲಚ್, ಬ್ರೇಕು, ಗೇರು, ಕೈಸನ್ನೆ ಎಲ್ಲ ಚೆನ್ನಾಗಿಯೇ ಹೇಳಿಕೊಟ್ಟರು. ಆದರೆ ಬಾನೆಟ್ ಎತ್ತಿ ಒಳಗೇನಿದೆ ಎಂದು ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಹೆಂಗಸರು ಓಡಿಸಿದರೆ ಸಾಕು, ಮಿಕ್ಕದ್ದನ್ನು ಗಂಡಸರು ನೋಡಿಕೊಳ್ಳುತ್ತಾರೆ ಎಂದು ಇಬ್ಬರೂ ಅಂದುಕೊಂಡಿದ್ದೆವು. ಮನೆಯ ಗಂಡಸಿಗೆ ಆಗ ಬಾನೆಟ್ಟಿನೊಳಗಿದ್ದದ್ದೂ ಮಂಜು ಮಂಜೇ!

ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದ ವರ್ಷ, 2019. ಆ ಮಾರ್ಚ್ ತಿಂಗಳಲ್ಲಿ ಮಗಳಿಗೆ ಏಳು ತುಂಬಿತ್ತು. ಅವಳನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ಕರೆತರಲು ನಾನೇ ಕಾರು ತೆಗೆದುಕೊಂಡು ಹೋದೆ. ಬೀಗರ ಮನೆ ಬಾಗಿಲಲ್ಲಿ ಕಾರು ತಿರುಗಿಸಿ ನಿಲ್ಲಿಸಿದಾಗ ಬೀಗಿತಿ ಮೂಗಿನ ಮೇಲೆ ಬೆರಳಿಟ್ಟರು. ಸ್ವಲ್ಪ ಗರ್ವ ಬಂದಿತ್ತು, ಸುಳ್ಳೇಕೆ ಹೇಳಲಿ.

ವಾಪಸು ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಹೆಬ್ಬೂರು ಇನ್ನೂ ಮುಂದಿದೆ ಎನ್ನುವಾಗ ಮಗಳು ಮೂಗು ಅರಳಿಸಿದಳು.

“ಅಮ್ಮಾ, ಏನೋ ಸೀ ವಾಸನೆ ಬರ್ತಿದೆ.”

“ಎಲ್ಲೋ ಆಲೆಮನೆ ಇರ್ಬೇಕು ಕಣೇ, ಬೆಲ್ಲ ಕಾಯಿಸ್ತಿದ್ದಾರೆ” ಎಂದೆ.

ಬೆಲ್ಲವೂ ಅಲ್ಲ, ಆಲೆಮನೆಯೂ ಅಲ್ಲ. ರೇಡಿಯೇಟರಿನಲ್ಲಿ ನೀರಿನ ಜೊತೆ ಹಾಕುವ ಕೂಲೆಂಟ್ ಎಂಬ ದ್ರವಕ್ಕೆ ಅಂಥ ಸಿಹಿ ವಾಸನೆ. ಕೆಳಗಿನ ರಬ್ಬರ್ ಪೈಪು ವರ್ಷಗಟ್ಟಲೆ ಕಾದು ಕಾದು ಒಣಗಿ ಸೀಳು ಬಿಟ್ಟಿತ್ತು. ಹೆಬ್ಬೂರು ದಾಟುವಾಗ ಮುಂದಿನ ಡಬ್ಬಿಯಲ್ಲಿರುವ ಬಿಸಿಯ ಮುಳ್ಳು ‘ಎಚ್’ ಎಂಬ ಅಕ್ಷರದ ಹತ್ತಿರ ಹೋದದ್ದನ್ನು ನಾನು ಕಂಡಿದ್ದೆ. ಬಿಸಿಲಿಗೆ ಹೀಗಾಗಿರಬೇಕು, ಮನೆ ಸೇರಿದರೆ ಸರಿಹೋಗುತ್ತದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿಯೇ ಕೆಳಕ್ಕೆ ಇಳಿಯಿತು! ಸದ್ಯ ತಣ್ಣಗಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟೆ. ಆ ಮುಳ್ಳು ಅಳೆಯುವುದು ನೀರಿನ ಬಿಸಿಯನ್ನು. ನೀರೆಲ್ಲ ಸೋರಿಹೋದರೆ ಅಳೆಯಲು ಏನೂ ಉಳಿಯದೆ ಅದು ಕೆಳಗೆ ಬಿದ್ದುಬಿಡಬಹುದು ಎಂಬುದು ಆಮೇಲೆ ತಿಳಿದದ್ದು. ನಾನು ನಿಟ್ಟುಸಿರು ಬಿಟ್ಟಾಗ ಎಂಜಿನ್ ಒಣ ಬಾಣಲೆಯಂತೆ ಉರಿಯುತ್ತಿತ್ತು.

ನಾಗವಲ್ಲಿಯ ಹತ್ತಿರ ಕಟಕಟ ಸದ್ದಾಯಿತು. ಕಾರು ಜಗ್ಗಿ ನಿಂತಿತು. ಕೀಲಿ ತಿರುಗಿಸಿದರೆ ಅಲುಗಲಿಲ್ಲ. ಯಾರೋ ಪುಣ್ಯಾತ್ಮರು ಬಿಂದಿಗೆ ನೀರು ತಂದು ಅದರ ಮೇಲೇ ಸುರಿದರು. ಚುಂಯ್ ಎಂದು ಹಬೆ ಎದ್ದಿತು. ಕಾದ ಬಾಣಲೆಗೆ ತಣ್ಣೀರು ಹಾಕಬಾರದೆಂದು ಮೂವತ್ತು ವರ್ಷ ಅಡಿಗೆ ಮಾಡಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಕ್ಷಣಕ್ಕೆ ಹೊಳೆಯಲಿಲ್ಲ. ಮಗಳು ಹುಣಿಸೇಮರದ ನೆರಳಿನಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಆ ಮುಖವನ್ನು ನಾನು ಈಗಲೂ ಮರೆತಿಲ್ಲ. ಒಂದೂವರೆ ಗಂಟೆಯ ಮೇಲೆ ತರಕಾರಿ ಹಾಕಿ ಹಿಂತಿರುಗುತ್ತಿದ್ದ ಗೂಡ್ಸ್ ಆಟೋದವನು ಮಗಳನ್ನು ಮುಂದಿನ ಸೀಟಿನಲ್ಲಿ ಜೋಪಾನವಾಗಿ ಕೂರಿಸಿ, ನನ್ನನ್ನು ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂರಿಸಿ ಮನೆ ಮುಟ್ಟಿಸಿದ.

ಮಗಳಿಗೇನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಸುದ್ದಿ ನಮಗಿಂತ ಮೊದಲೇ ಕುಣಿಗಲ್ ಸೇರಿತ್ತು. “ಹೆಂಗಸ್ರ ಕೈಗೆ ಕಾರು ಕೊಟ್ರೆ ಇನ್ನೇನಾಗುತ್ತೆ” ಎಂದರಂತೆ ಬೀಗಿತಿ. ನಮ್ಮವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಸುಮ್ಮನಿದ್ದು, “ಗುಜರಿಗೆ ಹಾಕಿಬಿಡೋಣ. ತೂಕಕ್ಕೆ ಎಷ್ಟು ಬಂದ್ರೆ ಅಷ್ಟು” ಎಂದರು. ತಯಾರಿಕೆಯೇ 2014ರಲ್ಲಿ ನಿಂತುಹೋದ ಕಾರು, ಅದಕ್ಕೆ ಇನ್ನು ಖರ್ಚು ಯಾಕೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಮಾತ್ರ, ಈ ಕಾರು ಹೀಗೇ ಹೋದರೆ ನಾನಿನ್ನು ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಗೊತ್ತಾಗಿಹೋಗಿತ್ತು.

ಗುಬ್ಬಿಯಲ್ಲಿರುವ ತಮ್ಮನಿಗೆ ಫೋನು ಮಾಡಿದೆ. ಅವನಿಗೆ ಅಡಿಕೆ ತೋಟದವರ ಬೋರ್‌ವೆಲ್ ಮೋಟಾರು ಎತ್ತಿ ರಿಪೇರಿ ಮಾಡುವ ಕಸುಬು. ಹರೆಯದಲ್ಲಿ ನಾಲ್ಕೈದು ವರ್ಷ ಕಾರಿನ ಗ್ಯಾರೇಜಿನಲ್ಲಿದ್ದ. ಬಂದು ಬಿಚ್ಚಿ ನೋಡಿದ. ಅಲ್ಯೂಮಿನಿಯಮ್ಮಿನ ಹೆಡ್ ಬಾಗಿತ್ತು, ಪಿಸ್ಟನ್ ಸಿಲಿಂಡರಿಗೆ ಅಂಟಿ ಗೀರು ಬಿದ್ದಿತ್ತು.

“ಇದನ್ನ ಬೋರ್ ಹೊಡ್ಸಿ ಹೊಸ ಪಿಸ್ಟನ್ ಹಾಕೋಕ್ಕಿಂತ ಬೇರೆ ಎಂಜಿನ್ನೇ ಕೂರ್ಸೋದು ವಾಸಿ ಕಣಕ್ಕಾ. ಇಲ್ಲೇ ಅಂಗಳದಲ್ಲೇ ಮಾಡ್ಬೋದು. ಆದ್ರೆ ನನಗೊಬ್ಬ ಕೈಯಾಳು ಬೇಕು.”

“ನಾನಿದ್ದೀನಲ್ಲ” ಎಂದೆ.

ಗುಜರಿಯೊಂದರಲ್ಲಿ ಆಮ್ನಿ ವ್ಯಾನಿನ ಎಂಜಿನ್ ಅಗ್ಗಕ್ಕೆ ತೋರಿಸಿದರು. ಎರಡೂ 796 ಸಿಸಿ, ಮೂರು ಸಿಲಿಂಡರು, ಅಕ್ಕತಂಗಿಯರೇ. ಆದರೆ ವ್ಯಾನಿನಲ್ಲಿ ಅದು ಸೀಟಿನ ಕೆಳಗೆ ಉದ್ದಕ್ಕೆ ಕೂರುತ್ತದೆ, ನಮ್ಮದರಲ್ಲಿ ಮುಂದುಗಡೆ ಅಡ್ಡಕ್ಕೆ. ಹಿಡಿಕೆಗಳೆಲ್ಲ ಬೇರೆ. ಬೇಡವೆಂದ ತಮ್ಮ. ಕೊನೆಗೆ ಸಿಕ್ಕಿದ್ದು ಕುಣಿಗಲ್ ಕಡೆಯೇ. ಹಿಂದಿನಿಂದ ಬಸ್ಸು ಗುದ್ದಿ ಡಿಕ್ಕಿ ನುಜ್ಜುಗುಜ್ಜಾಗಿದ್ದ ಒಂದು ಮಾರುತಿ. ಮುಂಭಾಗಕ್ಕೆ ಏಟಿಲ್ಲ. ತಮ್ಮ ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೆ ನೋಡಿದ. ಅಲ್ಲಿ ಮಜ್ಜಿಗೆಯಂಥ ಬಿಳಿ ನೊರೆ ಕಟ್ಟಿದ್ದರೆ ಎಣ್ಣೆಗೆ ನೀರು ಸೇರಿದೆಯೆಂದು ಅನುಮಾನ ಪಡಬೇಕಂತೆ. ಕೈಯಿಂದ ತಿರುಗಿಸಿ ನೋಡಿ, ಮೂರು ಪ್ಲಗ್ಗುಗಳನ್ನೂ ಬಿಚ್ಚಿ ಒಂದೊಂದರ ಜಾಗಕ್ಕೂ ಮೀಟರು ಹಿಡಿದು ಒತ್ತಡ ಅಳೆದ. ಮೂರೂ ಹೆಚ್ಚುಕಮ್ಮಿ ಒಂದೇ. ಆ ಕಾರಿನ ಆರ್.ಸಿ. ಪ್ರತಿಯನ್ನೂ ಬಿಲ್ಲನ್ನೂ ಕೇಳಿ ಪಡೆದು, ಎಂಜಿನ್ ಮೇಲೆ ಕೊರೆದಿರುವ ನಂಬರಿಗೆ ಒಂದೊಂದೇ ಅಕ್ಷರ ಹೋಲಿಸಿದ. ಇದು ಬಹಳ ಮುಖ್ಯ, ತಂಗಿಯರೇ. ಕಾಗದವಿಲ್ಲದ ಎಂಜಿನ್ ಕದ್ದ ಮಾಲಾಗಿದ್ದರೆ ಪೊಲೀಸರು ನಮ್ಮ ಬಾಗಿಲಿಗೇ ಬರುತ್ತಾರೆ. ಬೆಲೆ ರೂ. 14,000. ಮೊಮ್ಮಗುವಿಗೆ ಬೆಳ್ಳಿ ಕಾಲ್ಗಡಗಕ್ಕೆಂದು ಕಟ್ಟುತ್ತಿದ್ದ ಚೀಟಿ ಎತ್ತಿ ಕೊಟ್ಟೆ.

ಏಪ್ರಿಲ್ ತಿಂಗಳ ಒಂದು ಶನಿವಾರ ತಮ್ಮ ಬೋರ್‌ವೆಲ್ ಮೋಟಾರು ಎತ್ತುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ ಎಲ್ಲ ಹೇರಿಕೊಂಡು ಬಂದಿಳಿದ. ನಾನು ಮಾವಿನ ಕೊಂಬೆಗೇ ಕಟ್ಟಬಹುದಲ್ಲ ಎಂದಿದ್ದೆ. “ಕೊಂಬೆ ಮುರಿದ್ರೆ ಎಂಜಿನ್ ಹೋಗುತ್ತೆ, ಕೆಳಗಿರೋನೂ ಹೋಗ್ತಾನೆ” ಎಂದ. ಎತ್ತಿದ ಎಂಜಿನ್ನಿನ ಕೆಳಗೆ ಕೈ ಕಾಲು ತೂರಿಸಬಾರದೆಂದು ಎರಡು ದಿನವೂ ನನಗೆ ಗದರುತ್ತಲೇ ಇದ್ದ. ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿದ್ದರಂತಲ್ಲ, ನಮ್ಮ ಬೀದಿಯವರು ಅದನ್ನೇ ನೋಡುವಂತೆ ಕಾಂಪೌಂಡಿಗೆ ಒರಗಿ ನಿಂತರು.

ಮೊದಲು ಬ್ಯಾಟರಿ ತೆಗೆದ. ಎಣ್ಣೆ ಇಳಿಸಿದ. ಪೆಟ್ರೋಲ್ ಪೈಪಿನ ಬಾಯಿಗೆ ಬಿರಡೆ ಹಾಕಿದ. ಒಲೆ ಹಚ್ಚಬೇಡಿ ಎಂದು ಮುಂಬಾಗಿಲು ಕಿಟಕಿ ಎಲ್ಲ ಹಾಕಿಸಿದ. ಆ ದಿನ ಮನೆಯಲ್ಲಿ ಮೊಸರನ್ನ, ಹೆಸರುಬೇಳೆ ಕೋಸಂಬರಿ ಅಷ್ಟೇ. ನನ್ನ ಕೆಲಸ ಎರಡು. ಬಿಚ್ಚಿದ ಪ್ರತಿ ವೈರಿಗೂ ಪೈಪಿಗೂ ಅಂಟುಪಟ್ಟಿ ಸುತ್ತಿ ಅದು ಎಲ್ಲಿಯದೆಂದು ಬರೆಯುವುದು. ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಇಡುವುದು. ಅದಕ್ಕೆ ನನ್ನ ಒಗ್ಗರಣೆ ಡಬ್ಬಿಯೇ ಬಂತು. ಸಾಸಿವೆ ಇದ್ದ ಬಟ್ಟಲಲ್ಲಿ ಸಣ್ಣ ಸ್ಕ್ರೂಗಳು, ಮೆಂತ್ಯದ ಜಾಗದಲ್ಲಿ ಕಾರ್ಬೊರೇಟರಿನವು, ಒಣಮೆಣಸಿನಕಾಯಿ ಜಾಗದಲ್ಲಿ ಎಂಜಿನ್ ಹಿಡಿಕೆಯ ದಪ್ಪ ಬೋಲ್ಟುಗಳು. “ಗ್ಯಾರೇಜಲ್ಲಿ ಎಲ್ಲಾ ಒಂದೇ ಡಬ್ಬಕ್ಕೆ ಸುರೀತಿದ್ವಿ. ಕೊನೇಲಿ ನಾಲ್ಕು ಮಿಕ್ಕಿಬಿಡ್ತಿದ್ವು” ಎಂದು ತಮ್ಮ ನಕ್ಕ.

ಗೇರ್‌ಬಾಕ್ಸ್ ಸಮೇತ ಎತ್ತಿ ನೆಲಕ್ಕಿಳಿಸಿ ಬೇರ್ಪಡಿಸಿದರು. ಎತ್ತುವ ಹೊತ್ತಿಗೆ ನಮ್ಮವರೂ ಪುಸ್ತಕ ಮಡಿಸಿಟ್ಟು ಬಂದು ಸರಪಳಿ ಹಿಡಿದರು. ಎಂಜಿನ್ ಹೊರಗಿರುವಾಗಲೇ ಕೈಗೆಟುಕುವುದನ್ನೆಲ್ಲ ಹೊಸದು ಮಾಡಿಬಿಡಬೇಕು ಎಂದು ತಮ್ಮ ಟೈಮಿಂಗ್ ಬೆಲ್ಟು, ವಾಟರ್ ಪಂಪು, ಆಯಿಲ್ ಸೀಲು, ಕ್ಲಚ್ ಪ್ಲೇಟು, ರಬ್ಬರ್ ಪೈಪು ಎಲ್ಲ ತರಿಸಿದ್ದ. ಅದಕ್ಕೆ ಇನ್ನೊಂದು ಎಂಟು ಸಾವಿರ. ನನ್ನ ಎಂಜಿನ್ ನುಂಗಿದ ಹಳೆಯ ಪೈಪನ್ನು ಕೈಗೆ ಕೊಟ್ಟ. ಹಿಂಡಿದರೆ ಒಣಗಿದ ಕಡಬಿನ ಹಾಗೆ ಬಿರುಕು ಬಿಟ್ಟಿತು. ಅಂಗಡಿಯಲ್ಲಿ ಅದಕ್ಕೆ ಇನ್ನೂರು ರೂಪಾಯಿ.

ಭಾನುವಾರ ಇಡೀ ಹೋದದ್ದು ಹೊಸ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮದುವೆ ಮಾಡಿಸುವುದರಲ್ಲಿ. ಒಂದರ ದಂಡ ಇನ್ನೊಂದರ ಕ್ಲಚ್ ಪ್ಲೇಟಿನ ನಟ್ಟನಡುವಿನ ತೂತಿಗೆ ಸೇರಬೇಕು. ಕೂದಲೆಳೆ ಆಚೀಚೆಯಾದರೂ ಒಲ್ಲದು. ಇಬ್ಬರು ಗಂಡಸರು ಎರಡು ಗಂಟೆ ತಳ್ಳಿದರು, ಬೆವರಿದರು. “ಬೀಸುಕಲ್ಲು ಕೂರಿಸೋ ಹಾಗೆ ಮಾಡ್ರೋ. ಗೂಟಕ್ಕೆ ಮೇಲ್ಗಲ್ಲು ಕೂರ್ಸುವಾಗ ನೂಕ್ತಾರಾ? ತುಸು ತಿರುಗಿಸ್ತಾ ಬಿಡಬೇಕು” ಎಂದೆ. ತಮ್ಮ ನನ್ನ ಮುಖ ನೋಡಿ, ಕೆಳಗಿನ ಚಕ್ರವನ್ನು ಪಾನಾದಿಂದ ಚೂರು ತಿರುಗಿಸಿದ. ಟಕ್ಕೆಂದು ಕೂತುಕೊಂಡಿತು!

ಸಂಜೆ ಏಳಕ್ಕೆ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅಷ್ಟೇ. ಬೀದಿಯವರು ಒಬ್ಬೊಬ್ಬರೇ ಮನೆಗೆ ಹೋದರು. ಟಾರ್ಚ್ ಹಿಡಿದು ನನ್ನ ಪಟ್ಟಿಗಳನ್ನೆಲ್ಲ ನೋಡುತ್ತಾ ಹೋದೆ. ಬ್ಯಾಟರಿಯ ಹಿಂದೆ ‘ಎಡಗಡೆ ಕಪ್ಪು, ದಪ್ಪದ್ದು’ ಎಂಬ ನನ್ನದೇ ಅಕ್ಷರ ನೇತಾಡುತ್ತಿತ್ತು. ಅದು ಅರ್ತ್ ವೈರು. ಅದನ್ನು ಎಂಜಿನ್ನಿಗೆ ಸಿಕ್ಕಿಸಲು ಮರೆತಿದ್ದರು. ಸಿಕ್ಕಿಸಿ, ಮೊದಲು ಪ್ಲಗ್ಗು ಬಿಚ್ಚಿ ಸುಮ್ಮನೆ ತಿರುಗಿಸಿ ಎಣ್ಣೆಯ ಕೆಂಪು ದೀಪ ಆರಿದ ಮೇಲೆ, ಪ್ಲಗ್ಗು ಹಾಕಿ ಮತ್ತೆ ತಿರುಗಿಸಿದ. ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹೊತ್ತಿಕೊಂಡಿತು. ಮಗಳು ಒಳಗಿನಿಂದ ಓಡಿ ಬರಹೋಗಿ ಎಲ್ಲರ ಕೈಲಿ ಬೈಸಿಕೊಂಡಳು. ರೇಡಿಯೇಟರ್ ಮುಚ್ಚಳ ತೆಗೆದೇ ಇಟ್ಟು, ಒಳಗಿನ ಗಾಳಿಯೆಲ್ಲ ಗುಳ್ಳೆ ಗುಳ್ಳೆಯಾಗಿ ಹೋಗಿ ಫ್ಯಾನು ತಾನೇ ತಿರುಗುವವರೆಗೂ ಕಾದೆವು. ಆ ಮುಚ್ಚಳವನ್ನು ಎಂಜಿನ್ ಬಿಸಿಯಿರುವಾಗ ಮಾತ್ರ ಯಾರೂ ತೆಗೆಯಬೇಡಿ. ಕುದಿಯುವ ಕುಕ್ಕರಿನ ಮುಚ್ಚಳ ಎಳೆದಂತೆಯೇ, ಮುಖ ಸುಟ್ಟುಹೋದೀತು. ತಣ್ಣಗಿರುವಾಗ ತೆಗೆದು ನೋಡಿ. ನಾನು ವಾರಕ್ಕೊಮ್ಮೆ, ಶುಕ್ರವಾರ ಹೊಸಿಲು ತೊಳೆದ ಮೇಲೆ ನೋಡುತ್ತೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಆರ್.ಸಿ.ಯಲ್ಲಿ ಹಳೆಯ ಎಂಜಿನ್ನಿನ ನಂಬರು ಇರುತ್ತದಲ್ಲ. ಬದಲಾಯಿಸಿದ್ದನ್ನು ಆರ್.ಟಿ.ಓ. ಕಚೇರಿಗೆ ತಿಳಿಸಿ ಹೊಸ ನಂಬರು ಬರೆಸಬೇಕು. ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಇಲ್ಲದಿದ್ದರೆ ಮುಂದೆ ಅಪಘಾತವೇನಾದರೂ ಆದಾಗ ತಕರಾರು. ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು, ಬಿಲ್ಲು, ಪ್ರತಿ ಎಲ್ಲ ಹಿಡಿದು, ಮೊದಲ ಸಲ ಆ ಕಾರನ್ನು ನಾನೇ ಓಡಿಸಿಕೊಂಡು ಹೋದೆ. ಊರಿನ ರಸ್ತೆಗಳೆಲ್ಲ ಅಗೆದು ಹಾಕಿದ್ದ ಕಾಲ. ರಸ್ತೆ ನೋಡಿದ್ದು ಅರ್ಧ, ಮುಳ್ಳು ನೋಡಿದ್ದು ಅರ್ಧ. ಕೈ ನಡುಗುತ್ತಿತ್ತು.

ಹೆರಿಗೆ ನೋವು ಬಂದದ್ದು ಮೇ ಕೊನೆಯಲ್ಲಿ, ನಡುಮಧ್ಯಾಹ್ನ. ನಾನು ಕಾರಿನ ಕೀಲಿ ಹುಡುಕುತ್ತಿರುವಾಗಲೇ ನಮ್ಮವರು ಗಾಬರಿಯಲ್ಲಿ ಮೂಲೆಯ ಆಟೋ ಕರೆದುಕೊಂಡು ಬಂದುಬಿಟ್ಟಿದ್ದರು. ಅದರಲ್ಲೇ ಹೋದೆವು. ಹೆಣ್ಣುಮಗು. ಆಸ್ಪತ್ರೆಯಿಂದ ಬಾಣಂತಿಯನ್ನೂ ಮಗುವನ್ನೂ ಮನೆಗೆ ತಂದದ್ದು ಮಾತ್ರ ಮಾರುತಿಯಲ್ಲೇ.

ಐದನೆಯ ತಿಂಗಳಲ್ಲಿ ಕುಣಿಗಲ್ಲಿಗೆ ಬಿಟ್ಟುಬರಲು ಹೊರಟೆ. ನಾಗವಲ್ಲಿಯ ಹುಣಿಸೇಮರ ಬರುತ್ತಲೇ ಇಬ್ಬರೂ ಮಾತು ನಿಲ್ಲಿಸಿದೆವು. ಹೆಬ್ಬೂರು ದಾಟಿದ ಮೇಲೆ ಮಗಳು ಹಿಂದಿನ ಸೀಟಿನಿಂದ ಬಗ್ಗಿ ನೋಡಿ, “ಮುಳ್ಳು ಮಧ್ಯದಲ್ಲೇ ಇದೆ ಕಣಮ್ಮಾ” ಎಂದಳು. ಬೀಗರ ಮನೆಯಲ್ಲಿ ಊಟ, ಎಲೆ ಅಡಿಕೆ ಎಲ್ಲ ಆಗಿ ಹೊರಡುವಾಗ ಬೀಗಿತಿ ತುಂಬಿದ ಚೊಂಬು ಹಿಡಿದು ಕಾರಿನ ಮುಂದೆ ಬಂದು ನಿಂತರು.

“ನೀರು ನೋಡ್ಕೊಂಡ್ರಾ? ಹಾಕ್ಲಾ?”

“ಈಗ ಬಿಸಿ ಇದೆ ಬೀಗ್ರೇ, ಮುಚ್ಚಳ ತೆಗೆಯೋ ಹಾಗಿಲ್ಲ. ಬೆಳಿಗ್ಗೆ ಹೊರಡೋ ಮೊದಲೇ ನೋಡಿದೀನಿ” ಎಂದೆ. ಅವರು ಚೊಂಬು ಕೆಳಗಿಟ್ಟರು.

“ಹಂಗಾದ್ರೆ ಬಾನೆಟ್ ಎತ್ತಿ. ಅದೆಲ್ಲಿರುತ್ತೆ ಅಂತ ನಾನೂ ಒಂದ್ಸಲ ನೋಡ್ತೀನಿ” ಎಂದರು.