ಉಪಕರಣವೋ, ಪರಿಗ್ರಹವೋ?

ದಿಗಂಬರ ಮುನಿಗಳ ಬಳಿ ಮೂರು ಉಪಕರಣಗಳು ಮಾತ್ರ ಇರುತ್ತವೆ. ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಸರ್ವಸಂಗ ಪರಿತ್ಯಾಗ ಮಾಡಿದ ಮಹಾವ್ರತಿಗಳು ಈ ಮೂರನ್ನು ಇಟ್ಟುಕೊಂಡ ಮಾತ್ರಕ್ಕೆ ಅಪರಿಗ್ರಹ ವ್ರತಕ್ಕೆ ಭಂಗ ಬರುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಇಡದೆ ಮೂರ್ಛೆಯಲ್ಲಿ, ಅಂದರೆ ಮಮತ್ವಭಾವದಲ್ಲಿ ಇಟ್ಟಿದ್ದಾರೆ. ಸಾಧನೆಗೆ ನೆರವಾಗಿ ಮಮತೆಗೆ ಎಡೆಗೊಡದ ವಸ್ತು ಉಪಕರಣವಾಗುತ್ತದೆ. ಮಮತೆಯನ್ನು ಬೆಳೆಸುವ ವಸ್ತು ಎಷ್ಟು ಅಗ್ಗದ್ದಾದರೂ ಪರಿಗ್ರಹವಾಗುತ್ತದೆ.

ಗೃಹಸ್ಥನಿಗೆ ಇಂಥ ಸಿದ್ಧವಾದ ಎಣಿಕೆ ಇಲ್ಲ. ಪರಿಗ್ರಹ ಪರಿಮಾಣ, ಭೋಗೋಪಭೋಗ ಪರಿಮಾಣಗಳೆಂಬ ವ್ರತಗಳಿಂದ ಅವನು ತನ್ನ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ಎಲ್ಲೆಯನ್ನು ಹಾಕುವ ಮೊದಲು ತನ್ನ ವೃತ್ತಿಗೆ ಯಾವುದು ಉಪಕರಣ, ಯಾವುದು ಕೇವಲ ಸುಖಸಾಧನ ಎಂಬ ವಿವೇಕ ಬೇಕು. ತಕ್ಕಡಿ, ಕಿರ್ದಿ, ಖಾತೆ ಪುಸ್ತಕಗಳ ನಡುವೆ ಬಾಳಿದ ನನ್ನಂಥ ವ್ಯಾಪಾರಿಗೆ ತನ್ನ ವೃತ್ತಿಯ ಮಟ್ಟಿಗೆ ಇದು ಕಷ್ಟವಲ್ಲ. ಆದರೆ ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ವೃತ್ತಿಯಲ್ಲಿದ್ದಾರೆ. ಅವರಿಗೆ ಅನಿವಾರ್ಯವೆನಿಸುವ ವಸ್ತುಗಳನ್ನು ಹಿರಿಯರಾದ ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು?

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಒಂದು ಟ್ರಸ್ಟಿನ ವಿದ್ಯಾರ್ಥಿ ನಿಲಯದ ಸಮಿತಿಯಲ್ಲಿ. ದಾನಿಯೊಬ್ಬರು ನಿಲಯಕ್ಕೆ ಕೆಲವು ಕಂಪ್ಯೂಟರ್‌ಗಳನ್ನು ಕೊಟ್ಟಿದ್ದರು. ವಿದ್ಯಾರ್ಥಿಗಳು ಅವುಗಳ ಜೊತೆಗೆ ಒಳ್ಳೆಯ ಕೀಲಿಮಣೆ, ಬೆನ್ನಿಗೆ ಆಸರೆ ನೀಡುವ ಕುರ್ಚಿ, ಪ್ರತಿಯೊಬ್ಬರಿಗೂ ಎರಡೆರಡು ಪರದೆ, ಹೆಡ್‌ಫೋನ್, ರಾತ್ರಿಯಿಡೀ ತೆರೆದಿರುವ ಪ್ರತ್ಯೇಕ ಕೊಠಡಿ, ಅಲ್ಲೊಂದು ಕಾಫಿ ಯಂತ್ರ ಇವಿಷ್ಟು ಬೇಕೆಂದು ಮನವಿ ಬರೆದಿದ್ದರು. “ನಾವು ಚಾಪೆಯ ಮೇಲೆ ಕುಳಿತು, ಇಳಿಜಾರು ಮೇಜಿನ ಮೇಲೆ ಲೆಕ್ಕ ಬರೆದವರು. ಇವರಿಗೆ ಇಂಥದ್ದೇ ಕುರ್ಚಿ ಏಕೆ?” ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. “ಕಾಲ ಬದಲಾಗಿದೆ, ಕೇಳಿದ್ದನ್ನೆಲ್ಲ ಕೊಟ್ಟುಬಿಡೋಣ” ಎಂದರು ಇನ್ನೊಬ್ಬರು. ಈ ಎರಡು ಮಾತುಗಳಲ್ಲಿಯೂ ವಿಚಾರಕ್ಕಿಂತ ಅಭ್ಯಾಸವೇ ಹೆಚ್ಚೆಂದು ನನಗೆ ತೋರಿತು. ಧರ್ಮಕಾರ್ಯಕ್ಕೆಂದು ಬಂದ ದ್ರವ್ಯವನ್ನು ಅಭ್ಯಾಸದ ಬಲದಿಂದ ತಡೆಯುವುದೂ ಸಲ್ಲದು, ವ್ಯಯಿಸುವುದೂ ಸಲ್ಲದು. ಒಂದು ತಿಂಗಳ ಕಾಲಾವಕಾಶ ಕೇಳಿಕೊಂಡು, ಬೆಂಗಳೂರಿನಲ್ಲಿ ಇದೇ ವೃತ್ತಿಯಲ್ಲಿರುವ ನನ್ನ ತಮ್ಮನ ಮಗನನ್ನು ವಿಚಾರಿಸಿದೆನು, ದೊರೆತಷ್ಟನ್ನು ಓದಿದೆನು.

“ದೊಡ್ಡಪ್ಪ, ನಿಮಗೆ ತಕ್ಕಡಿ ಹೇಗೋ ನಮಗೆ ಕೀಲಿಮಣೆ ಹಾಗೆ” ಎಂದು ಅವನು ಮೊದಲು ಹೇಳಿದನು. ಈ ಮಾತನ್ನು ಬಹು ಹಿಂದೆಯೇ ಗಂಭೀರವಾಗಿ ಚಿಂತಿಸಿದವರು ಜಪಾನಿನ ಎಯಿಚಿ ವಾಡಾ ಎಂಬ ಗಣಕ ವಿದ್ವಾಂಸರು. ಸಾಮಾನ್ಯ ಕೀಲಿಮಣೆಗಳಲ್ಲಿ ನೂರಕ್ಕೂ ಹೆಚ್ಚು ಕೀಲಿಗಳಿದ್ದ ಕಾಲದಲ್ಲಿ, ಪ್ರೋಗ್ರಾಮರ್‌ಗೆ ನಿಜವಾಗಿ ಬೇಕಾದವು ಎಷ್ಟು ಎಂದು ಎಣಿಸಿ, ಕೇವಲ 60 ಕೀಲಿಗಳ ಪುಟ್ಟ ಕೀಲಿಮಣೆಯನ್ನು ಅವರು ರೂಪಿಸಿದರು. 1996ರಲ್ಲಿ ಅದು ಮಾರಾಟಕ್ಕೆ ಬಂದಿತು. ಅದರ ವಂಶದ ಕೀಲಿಮಣೆಗಳನ್ನು ಇಂದಿಗೂ ಪ್ರೋಗ್ರಾಮರ್‌ಗಳು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅನಗತ್ಯವಾದುದನ್ನು ಬಿಡುತ್ತ ಬಂದು ಅಗತ್ಯವಾದುದರಲ್ಲಿ ನಿಲ್ಲುವುದಕ್ಕೆ ನಾವು ಪರಿಮಾಣ ಎನ್ನುತ್ತೇವೆ.

ವಾಡಾ ಅವರು ಒಂದು ದೃಷ್ಟಾಂತವನ್ನೂ ಕೊಟ್ಟಿದ್ದಾರೆ. ಅಮೆರಿಕದ ದನಗಾಹಿ ಸವಾರರು ಮರುಭೂಮಿಯಲ್ಲಿ ಕುದುರೆ ಸತ್ತರೆ ಅದನ್ನು ಅಲ್ಲಿಯೇ ಬಿಟ್ಟರೂ ಜೀನನ್ನು ಮಾತ್ರ ಬಿಡದೆ ಹೊತ್ತು ನಡೆಯುತ್ತಿದ್ದರಂತೆ. ಮೈಗೆ ಹೊಂದಿಕೊಂಡದ್ದು ಜೀನು. ಹಾಗೆಯೇ ಕಂಪ್ಯೂಟರ್ ಬದಲಾಗುತ್ತಿರುತ್ತದೆ, ಕೈಗೆ ಹೊಂದಿದ ಕೀಲಿಮಣೆ ಬಾಳಿನುದ್ದಕ್ಕೂ ಜೊತೆಗಿರಬೇಕು ಎಂಬುದು ಅವರ ಅಭಿಪ್ರಾಯ. ದೀರ್ಘಕಾಲ ಬಾಳುವ ಒಂದೇ ವಸ್ತುವನ್ನು ಕೊಳ್ಳಬೇಕೆಂಬ ತಾತ್ಪರ್ಯ ನಮಗೆ ಒಪ್ಪಿಗೆ. ಆದರೆ ಕುದುರೆ ಪಂಚೇಂದ್ರಿಯ ಜೀವ. ಅದನ್ನು ಬಳಸಿ ಬಿಡುವ ವಸ್ತುವಿನ ಸಾಲಿಗೆ ಸೇರಿಸಿ, ಚರ್ಮದ ಜೀನನ್ನು ಮೇಲಿಡುವ ಹೋಲಿಕೆ ಜೈನನ ಕಿವಿಗೆ ಹಿತವಾಗದು. ಉಪಕರಣವನ್ನು ಆರಿಸುವಾಗ ಅದು ನಮ್ಮ ಕೈಗೆ ಎಷ್ಟು ಹೊಂದುತ್ತದೆ ಎಂದು ಕೇಳುವಂತೆ, ಅದಕ್ಕಾಗಿ ಯಾವ ಜೀವ ನೊಂದಿತು ಎಂದೂ ನಾವು ಕೇಳಬೇಕು.

ಎರಡನೆಯದು ಎಡಿಟರ್, ಅಂದರೆ ಪ್ರೋಗ್ರಾಮನ್ನು ಬರೆದು ತಿದ್ದಲು ಬಳಸುವ ಸಾಫ್ಟ್‌ವೇರ್. ಇದರ ವಿಷಯದಲ್ಲಿ ಪ್ರೋಗ್ರಾಮರ್‌ಗಳಿಗಿರುವ ಅಭಿಮಾನ ಹೊರಗಿನವರಿಗೆ ಆಶ್ಚರ್ಯ ತರುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ರಚಿಸಿದ ವಿಐ, ಅದೇ ವರ್ಷ ಎಂಐಟಿಯಲ್ಲಿ ಹುಟ್ಟಿದ ಈಮ್ಯಾಕ್ಸ್ ಇವೆರಡರ ಪೈಕಿ ಯಾವುದು ಮೇಲೆಂಬ ವಾದ ದಶಕಗಳಿಂದ ನಡೆದುಬಂದಿದೆ. ಇವುಗಳ ಮುಖ್ಯ ಗುಣವೆಂದರೆ ಕೈಯನ್ನು ಕೀಲಿಗಳಿಂದ ಎತ್ತದೆಯೇ ಎಲ್ಲ ಕೆಲಸ ಸಾಗುವುದು. ನಮ್ಮ ಅಂಗಡಿಗಳಲ್ಲಿ ಟ್ಯಾಲಿಯ ಮೇಲೆ ನುರಿತ ಗುಮಾಸ್ತರು ಮೌಸನ್ನು ಮುಟ್ಟದೆ ಬೀಜಕ ಮುಗಿಸುವುದನ್ನು ಕಂಡವರಿಗೆ ಇದರ ಅನುಕೂಲ ತಿಳಿದೀತು.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಬೇರೊಂದು ಸಂಗತಿ. ವಿಐ ಮಾದರಿಯನ್ನು ಬೆಳೆಸಿ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಅವರು 1991ರಲ್ಲಿ ವಿಮ್ ಎಂಬ ಎಡಿಟರನ್ನು ಹೊರತಂದರು. ಅದನ್ನು ಯಾರು ಬೇಕಾದರೂ ಬೆಲೆ ಕೊಡದೆ ಬಳಸಬಹುದು, ಪ್ರತಿ ಮಾಡಬಹುದು. ಉಪಯೋಗ ಪಡೆದವರು ಮನಸ್ಸಿದ್ದರೆ ಉಗಾಂಡದ ಬಡ ಮಕ್ಕಳ ಆರೈಕೆಗೆ ದಾನ ಮಾಡಿರೆಂದು ಮಾತ್ರ ಅವರು ಕೇಳಿಕೊಂಡರು. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸಾಫ್ಟ್‌ವೇರನ್ನು ಪೋಷಿಸಿದರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನವರಾದ ನಮಗೆ ಈ ಮಾರ್ಗ ಅಪರಿಚಿತವಲ್ಲ. ಪ್ರೋಗ್ರಾಮರ್‌ಗೆ ಅತ್ಯಂತ ಅನಿವಾರ್ಯವಾದ ಸಾಧನಗಳಲ್ಲಿ ಒಂದು ಹಣವಿಲ್ಲದೆಯೇ ದೊರೆಯುತ್ತದೆ ಎಂಬುದನ್ನು ಟ್ರಸ್ಟುಗಳವರು ಗಮನಿಸಬೇಕು.

ಇನ್ನು ಕುರ್ಚಿಯ ಮಾತು. ದಿನಕ್ಕೆ ಎಂಟು ಹತ್ತು ಗಂಟೆ ಒಂದೇ ಭಂಗಿಯಲ್ಲಿ ಕುಳಿತು ಬೆರಳಾಡಿಸುವವರಿಗೆ ಬೆನ್ನು, ಕುತ್ತಿಗೆ, ಮಣಿಕಟ್ಟುಗಳ ನೋವು ಬರುವುದುಂಟು. ಈಮ್ಯಾಕ್ಸಿನ ಕರ್ತೃಗಳಲ್ಲಿ ಒಬ್ಬರಾದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ 1990ರ ದಶಕದ ನಡುವಿನಲ್ಲಿ ಕೈನೋವು ಎಷ್ಟು ತೀವ್ರವಾಯಿತೆಂದರೆ, ಅವರು ಹೇಳಿದ್ದನ್ನು ಬೆರಳಚ್ಚು ಮಾಡಲು ಬೇರೆಯವರನ್ನು ನೇಮಿಸಬೇಕಾಯಿತು. ಕೀಲಿಗಳನ್ನು ಬಲವಾಗಿ ಒತ್ತಬೇಕಾಗಿದ್ದುದೇ ಅದಕ್ಕೆ ಕಾರಣವೆಂದು ಕೆಲವು ವರ್ಷಗಳ ಮೇಲೆ ತಿಳಿಯಿತು. ಹಗುರವಾಗಿ ಒತ್ತಿದರೆ ಸಾಕಾಗುವ ಕೀಲಿಮಣೆಗೆ ಬದಲಾಯಿಸಿದ ಬಳಿಕ ನೋವು ಬಹುಮಟ್ಟಿಗೆ ಹೋಯಿತು. ಅಹಿಂಸೆಯನ್ನು ಪರಜೀವಿಗಳ ವಿಷಯದಲ್ಲಿ ಪಾಲಿಸುವ ನಾವು, ಹದಿನೆಂಟು ವರ್ಷದ ಹುಡುಗನ ಮಣಿಕಟ್ಟನ್ನು ಮಿತವ್ಯಯದ ಹೆಸರಿನಲ್ಲಿ ನೋಯಿಸಬಹುದೇ?

ಇಲ್ಲಿ ನನಗೆ ನೆರವಾದುದು ಮೂಲಾಚಾರದ ಪಿಂಛಿಯ ಪ್ರಕರಣ. ಪಿಂಛಿಗೆ ಅಲ್ಲಿ ಐದು ಗುಣಗಳನ್ನು ಹೇಳಿದೆ. ಅದು ಧೂಳನ್ನು ಹಿಡಿಯಬಾರದು, ಬೆವರನ್ನು ಹಿಡಿಯಬಾರದು, ಮೃದುವಾಗಿರಬೇಕು, ಸುಕುಮಾರವಾಗಿರಬೇಕು, ಹಗುರವಾಗಿರಬೇಕು. ಯಾವ ಕಸಬರಿಕೆಯಾದರೂ ಆದೀತೆಂದು ಆಚಾರ್ಯರು ಹೇಳಲಿಲ್ಲ. ಸೂಕ್ಷ್ಮ ಜೀವಿಗೂ ನೋವಾಗದಂತೆ ಕೆಲಸ ನಡೆಯಬೇಕಾದರೆ ಉಪಕರಣದ ಗುಣವನ್ನು ಪರೀಕ್ಷಿಸಲೇಬೇಕು. ಆದ್ದರಿಂದ ಉಪಕರಣ ಒಳ್ಳೆಯದಿರಲಿ ಎಂದು ಬಯಸುವುದು ಭೋಗಲಾಲಸೆಯಲ್ಲ. ಒಂದು ಸಾಲದೆಂದು ಎರಡನ್ನು, ಎರಡು ಹಳೆಯವಾದುವೆಂದು ಮೂರನೆಯದನ್ನು ಬಯಸುವಲ್ಲಿ ಲಾಲಸೆ ಆರಂಭವಾಗುತ್ತದೆ. ಕುರ್ಚಿಯ ವಿಷಯದಲ್ಲಿಯೂ ಹೀಗೆಯೇ. 1994ರಲ್ಲಿ ಅಮೆರಿಕದಲ್ಲಿ ಹೊರಬಂದು ಸಾಫ್ಟ್‌ವೇರ್ ಕಚೇರಿಗಳಲ್ಲಿ ಪ್ರಸಿದ್ಧವಾದ ಏರಾನ್ ಎಂಬ ಕುರ್ಚಿಯಲ್ಲಿ ಚರ್ಮದ ಹೊದಿಕೆಯ ಬದಲು ಗಾಳಿಯಾಡುವ ಬಲೆಯಂಥ ನೆಯ್ಗೆ ಇದೆ. ಅದು ದುಬಾರಿ, ನಮಗೆ ಬೇಕಾಗಿಲ್ಲ. ಆದರೆ ಅದೇ ಬಗೆಯ ನೆಯ್ಗೆಯ ಸಾಧಾರಣ ಬೆಲೆಯ ಕುರ್ಚಿಗಳು ಈಗ ನಮ್ಮ ಊರುಗಳಲ್ಲಿಯೂ ದೊರೆಯುತ್ತವೆ. ಚರ್ಮದ ಕುರ್ಚಿ ನಮ್ಮ ನಿಲಯಗಳ ಹೊಸ್ತಿಲು ದಾಟಬೇಕಾಗಿಲ್ಲ.

ನಾಲ್ಕನೆಯದು ಮೌನ. ಹೆಡ್‌ಫೋನ್ ಏಕೆಂದು ಕೇಳಿದಾಗ, “ಸಂಗೀತಕ್ಕಲ್ಲ ದೊಡ್ಡಪ್ಪ, ಸದ್ದು ಕೇಳದಿರಲೆಂದು” ಎಂದನು ನಮ್ಮ ಹುಡುಗ. ಹಲವು ಎಳೆಗಳನ್ನು ಮನಸ್ಸಿನಲ್ಲಿ ಒಟ್ಟಿಗೆ ಹಿಡಿದು ಕೆಲಸ ಮಾಡುವವನನ್ನು ಒಮ್ಮೆ ಕರೆದರೆ, ಅವನು ಮತ್ತೆ ಮೊದಲಿನಿಂದ ಎಳೆ ಹಿಡಿಯಬೇಕು. ಟಾಮ್ ಡಿಮಾರ್ಕೊ, ತಿಮೊಥಿ ಲಿಸ್ಟರ್ ಎಂಬಿಬ್ಬರು 1987ರಲ್ಲಿ ಬರೆದ ಪೀಪಲ್‌ವೇರ್ ಎಂಬ ಗ್ರಂಥದಲ್ಲಿ, ಚೆನ್ನಾಗಿ ಕೆಲಸ ಮಾಡಿದ ಪ್ರೋಗ್ರಾಮರ್‌ಗಳಿಗೆ ಉಳಿದವರಿಗಿಂತ ನಿಶ್ಶಬ್ದವಾದ ಸ್ಥಳ ದೊರೆತಿತ್ತೆಂದು ತೋರಿಸಿದ್ದಾರೆ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬುವರು ಅಡುಗೆಮನೆಯ ಟೊಮ್ಯಾಟೊ ಆಕಾರದ ಗಡಿಯಾರವನ್ನು ಮುಂದಿಟ್ಟುಕೊಂಡು 25 ನಿಮಿಷ ಒಂದೇ ಕೆಲಸ ಮಾಡುವ ಪದ್ಧತಿಯನ್ನು ರೂಢಿಗೆ ತಂದರು. 48 ನಿಮಿಷಗಳ ಸಾಮಾಯಿಕವನ್ನು ಬಲ್ಲ ನಮ್ಮ ಅಜ್ಜಿಯರು ಕೇಳಿದ್ದರೆ ನಸುನಕ್ಕಾರು. ಸಾಮಾಯಿಕದ ಗುರಿ ಬೇರೆ, ಪ್ರೋಗ್ರಾಮಿನ ಗುರಿ ಬೇರೆ ಎಂಬುದು ನಿಜ; ಆದರೂ ಚಿತ್ತವನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಇರುವ ಮನೆಯ ಮಗುವಿಗೆ ಅರ್ಧ ಉಪಕರಣ ಮನೆಯಲ್ಲಿಯೇ ಸಿಕ್ಕಂತಾಯಿತು.

ಅಮೆರಿಕದ ಹಿರಿಯ ಗಣಕ ವಿಜ್ಞಾನಿ ಡೊನಾಲ್ಡ್ ನೂತ್ ಅವರು 1990ರ ಜನವರಿ 1ರಿಂದ ಇ-ಮೇಲ್ ಬಳಕೆಯನ್ನೇ ಬಿಟ್ಟರು. ಕಂಪ್ಯೂಟರ್ ಶಾಸ್ತ್ರದ ಮಹಾಗ್ರಂಥವನ್ನು ಬರೆಯುವವರು ಏಕಾಗ್ರತೆಗಾಗಿ ಇಂಥ ಸೌಕರ್ಯವನ್ನು ತ್ಯಜಿಸಿದ್ದು ಗಮನಾರ್ಹ. ತ್ಯಾಗವೂ ಒಂದು ಉಪಕರಣವಾಗಬಲ್ಲದು.

ಐದನೆಯದಾದ ಕಾಫಿಯನ್ನು ಪ್ರೋಗ್ರಾಮರ್‌ಗಳಿಂದ ಬೇರ್ಪಡಿಸುವುದು ಕಷ್ಟ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದಲ್ಲಿ, ದೂರದ ಕೊಠಡಿಗಳಿಂದ ನಡೆದು ಬಂದವರಿಗೆ ಕಾಫಿ ಪಾತ್ರೆ ಬರಿದಾಗಿ ಕಾಣುತ್ತಿತ್ತಂತೆ. ಅದಕ್ಕಾಗಿ 1991ರಲ್ಲಿ ಅವರು ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟು, ಕುಳಿತಲ್ಲಿಯೇ ಅದರ ಚಿತ್ರ ಕಾಣುವಂತೆ ಮಾಡಿದರು. 1993ರಲ್ಲಿ ಅದು ಅಂತರ್ಜಾಲದ ಮೂಲಕ ಜಗತ್ತಿಗೆಲ್ಲ ಕಾಣತೊಡಗಿತು, 2001ರಲ್ಲಿ ನಿಂತಿತು. ಒಂದು ಲೋಟ ಕಾಫಿಯ ಆಸೆ ಎಷ್ಟು ಬುದ್ಧಿಯನ್ನು ದುಡಿಸಿತು! ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಮಾಡಿದ ವಿಭಾಗದಂತೆ ಒಮ್ಮೆ ಸೇವಿಸಿ ಮುಗಿಯುವ ಕಾಫಿ ಭೋಗ. ಮತ್ತೆ ಮತ್ತೆ ಬಳಸುವ ಕುರ್ಚಿ ಉಪಭೋಗ. ಉಪಭೋಗದ ಎಲ್ಲೆಯನ್ನು ಸಂಖ್ಯೆಯಿಂದ ಹಾಕಬಹುದು. ಭೋಗಕ್ಕೆ ಕಾಲದ ಎಲ್ಲೆಯೂ ಬೇಕು. ಅಮೆರಿಕದವರೊಡನೆ ಕೆಲಸ ಮಾಡುವ ನಮ್ಮ ಮಕ್ಕಳಿಗೆ ರಾತ್ರಿಯ ಸಭೆಗಳು ತಪ್ಪುವುದಿಲ್ಲ. ಆದರೆ ರಾತ್ರಿಯ ಸಭೆಯ ಜೊತೆಗೆ ರಾತ್ರಿಯ ಕಾಫಿ, ಅದರ ಜೊತೆಗೆ ರಾತ್ರಿಯ ತಿಂಡಿ ಸೇರಿ, ರಾತ್ರಿಭೋಜನ ತ್ಯಾಗವೆಂಬ ಕುಲಾಚಾರ ಸದ್ದಿಲ್ಲದೆ ಮನೆ ಬಿಟ್ಟು ಹೋಗುತ್ತದೆ. ವೃತ್ತಿಗೆ ರಾತ್ರಿ ಬೇಕಾದೀತು, ನಾಲಿಗೆಗೆ ಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ಪ್ರೋಗ್ರಾಮನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈ ಪಟ್ಟಿಗೆ ಸೇರಿವೆ. ಅವುಗಳ ಲಾಭವನ್ನು ನಮ್ಮ ಹುಡುಗ ಅಲ್ಲಗಳೆಯಲಿಲ್ಲ. ನಾನು ಅವನಿಗೆ ಇಷ್ಟೇ ಹೇಳಿದೆನು: “ಪಿಂಛಿಯು ಮುನಿಗಳ ಬದಲಿಗೆ ಸಂಯಮವನ್ನು ಪಾಲಿಸುವುದಿಲ್ಲ, ಮಗು. ಅದನ್ನು ಹಿಡಿದವರೇ ಪಾಲಿಸಬೇಕು.” ಕಲಿಯುವ ವಯಸ್ಸಿನಲ್ಲಿ ಇದನ್ನು ನೆನಪಿಡುವುದು ಇನ್ನೂ ಅಗತ್ಯ.

ತಿಂಗಳ ನಂತರ ಸಮಿತಿಯ ಮುಂದೆ ನಾನು ಮೂರು ಪ್ರಶ್ನೆಗಳನ್ನು ಇಟ್ಟೆನು. ಈ ವಸ್ತುವಿಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ, ಅಥವಾ ದೇಹಕ್ಕೆ ಹಾನಿಯಾಗುತ್ತದೆಯೇ? ಇದರ ತಯಾರಿಕೆಯಲ್ಲಿ ಮತ್ತು ವಿಸರ್ಜನೆಯಲ್ಲಿ ಆಗುವ ಹಿಂಸೆಯನ್ನು ಕಡಿಮೆ ಮಾಡುವ ಬೇರೆ ಆಯ್ಕೆ ಇದೆಯೇ? ಇದನ್ನು ಹಂಚಿಕೊಂಡು ಬಳಸಬಹುದೇ? ಈ ಪ್ರಶ್ನೆಗಳ ಮುಂದೆ ಹಗುರ ಕೀಲಿಗಳ ಕೀಲಿಮಣೆಯೂ ನೆಯ್ಗೆಯ ಕುರ್ಚಿಯೂ ಉಳಿದವು. ಎರಡನೆಯ ಪರದೆ ಎಲ್ಲರಿಗೂ ಬೇಡ, ಹಂಚಿಕೊಳ್ಳಲು ಎರಡು ಸಾಕೆಂದಾಯಿತು. ಹೆಡ್‌ಫೋನಿನ ಬದಲು ಕೊಠಡಿಗೆ ಮೌನದ ನಿಯಮ ಬಂದಿತು, ಅದಕ್ಕೆ ಖರ್ಚಿಲ್ಲ. ಕೊಠಡಿಯನ್ನು ರಾತ್ರಿ ಹತ್ತಕ್ಕೆ ಮುಚ್ಚುವುದೆಂದು ತೀರ್ಮಾನವಾಯಿತು. ಕಾಫಿ ಯಂತ್ರ ಬಿದ್ದುಹೋಯಿತು. ಕೆಟ್ಟ ಯಂತ್ರಗಳನ್ನು ಗುಜರಿಗೆ ಹಾಕದೆ, ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಗೆ ಒಪ್ಪಿಸುವ ನಿಯಮವೂ ಸೇರಿತು. ಚಾಪೆಯ ಮಾತನ್ನಾಡಿದ ಹಿರಿಯರು ಪಿಂಛಿಯ ಐದು ಗುಣಗಳನ್ನು ಕೇಳಿದ ಮೇಲೆ ಕುರ್ಚಿಗಳಲ್ಲಿ ಎರಡನ್ನು ತಮ್ಮ ಲೆಕ್ಕಕ್ಕೆ ಬರೆಯಿಸಿದರು.

ಸಮಾಜ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ವ್ರತಗಳಲ್ಲಿ ಬಾಳಿನುದ್ದಕ್ಕೂ ಪಾಲಿಸುವ ಯಮವೂ ಉಂಟು, ಗೊತ್ತಾದ ಕಾಲದವರೆಗೆ ಪಾಲಿಸುವ ನಿಯಮವೂ ಉಂಟು. ಬರುವ ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ, ಈ ವೃತ್ತಿಯಲ್ಲಿರುವ ಮಕ್ಕಳು ತಮ್ಮ ಮೇಜಿನ ಮೇಲಿರುವ ವಸ್ತುಗಳನ್ನು ಒಂದು ಹಾಳೆಯಲ್ಲಿ ಬರೆದು, ಒಂದು ವರ್ಷದ ಮಟ್ಟಿಗೆ ಅವುಗಳ ಎಣಿಕೆಯನ್ನು ನಿಶ್ಚಯಿಸಲಿ. ಹಿರಿಯರು ಆ ಹಾಳೆಯನ್ನು ನೋಡಿ ಬೈಯದೆ, ಪ್ರತಿಯೊಂದರ ಉಪಯೋಗವನ್ನು ಕೇಳಿ ತಿಳಿಯಲಿ. ಬಳಿಕ ತಮ್ಮ ಮನೆ ಅಂಗಡಿಗಳ ಪಟ್ಟಿಯನ್ನೂ ಅವರ ಮುಂದಿಡಲಿ. ಯಾರ ಪಟ್ಟಿ ಉದ್ದವೆಂದು ನೋಡೋಣ.