ಗುತ್ತಿಗೆಯ ಪರದೇಸಿ

2007ರಿಂದ ಮೂರು ವರ್ಷ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡಿದೆ. ಊರಿನವರ ಲೆಕ್ಕದಲ್ಲಿ ನಾನು ದೊಡ್ಡ ಬ್ಯಾಂಕೊಂದರ ನೌಕರ. ಆದರೆ ಆ ಬ್ಯಾಂಕಿನ ನೌಕರರ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ನನ್ನ ವೀಸಾಕ್ಕೆ ಅರ್ಜಿ ಹಾಕಿದ್ದು ಒಂದು ಸಣ್ಣ ಗುತ್ತಿಗೆ ಕಂಪನಿ. ಅದು ನನ್ನನ್ನು ಇನ್ನೊಂದು ಕಂಪನಿಗೆ ಒಪ್ಪಿಸಿತ್ತು, ಆ ಕಂಪನಿ ಬ್ಯಾಂಕಿಗೆ. ನನ್ನ ಒಂದೊಂದು ಗಂಟೆಗೆ ಬ್ಯಾಂಕು ಕೊಡುತ್ತಿದ್ದ ಹಣ ಈ ಎರಡು ಕೈ ದಾಟಿ ನನಗೆ ತಲುಪುವಾಗ ಅರ್ಧಕ್ಕಿಂತ ಕಡಿಮೆಯಾಗಿರುತ್ತಿತ್ತು.

ಇದನ್ನು ಫೋನಿನಲ್ಲಿ ಅಮ್ಮಿಗೆ ವಿವರಿಸಲು ಕಷ್ಟವಾಗಲಿಲ್ಲ. ತುಮಕೂರಿನ ನಮ್ಮ ಮೊಹಲ್ಲಾದಲ್ಲಿ ಅವರು ವರ್ಷಗಟ್ಟಲೆ ಬೀಡಿ ಕಟ್ಟಿದವರು. ಎಲೆ, ತಂಬಾಕು ಕೊಡುವವನು ಗುತ್ತಿಗೆದಾರ. ಸಾವಿರಕ್ಕೆ ಇಷ್ಟೆಂದು ಕೂಲಿ ಎಣಿಸುವವನೂ ಅವನೇ. ಲೇಬಲ್ಲಿನಲ್ಲಿ ಹೆಸರಿರುವ ಮಾಲೀಕನಿಗೆ ಬೀಡಿ ಕಟ್ಟಿದವಳು ಯಾರೆಂದೇ ಗೊತ್ತಿರುವುದಿಲ್ಲ.

"ಹಾಗಾದರೆ ನಿನ್ನದೂ ಬೀಡಿ ಕೆಲಸವೇ ಬೇಟಾ" ಎಂದರು ಅಮ್ಮಿ.

ಒಂದು ವ್ಯತ್ಯಾಸವಿತ್ತು. ಗುತ್ತಿಗೆದಾರನನ್ನು ಬಿಟ್ಟರೂ ಅಮ್ಮಿ ತಮ್ಮ ಮನೆಯಲ್ಲೇ ಇರುತ್ತಿದ್ದರು. ಎಚ್-1ಬಿ ವೀಸಾದವನ ವಾಸವೇ ಅರ್ಜಿ ಹಾಕಿದ ಕಂಪನಿಗೆ ಕಟ್ಟಿಕೊಂಡಿರುತ್ತದೆ. ಬೇರೊಂದು ಕಂಪನಿ ಹೊಸ ಅರ್ಜಿ ಹಾಕಿದರೆ ಕೂಡಲೇ ಅಲ್ಲಿಗೆ ಹೋಗಬಹುದೆಂಬ ಕಾನೂನು 2000ದಲ್ಲೇ ಬಂದಿತ್ತು. ಆದರೆ ಕೆಲಸ ಹೋದ ಮೇಲೆ ಹುಡುಕಲು ಕಾಲಾವಕಾಶ ಇರಲಿಲ್ಲ. 60 ದಿನಗಳವರೆಗಿನ ಅವಕಾಶ ಸಿಕ್ಕಿದ್ದು 2017ರ ಜನವರಿಯಿಂದ.

2008ರ ಆರ್ಥಿಕ ಕುಸಿತದಲ್ಲಿ ನಮ್ಮ ಬ್ಯಾಂಕು ಮೊದಲು ಮನೆಗೆ ಕಳಿಸಿದ್ದು ಗುತ್ತಿಗೆಯವರನ್ನು. ನಮ್ಮ ಕೋಣೆಯ ನಾಲ್ವರಲ್ಲಿ ಗುಂಟೂರಿನ ಗೆಳೆಯ 'ಬೆಂಚಿ'ಗೆ ಬಂದ. ಕೆಲಸವಿಲ್ಲದೆ ಕಾಯುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಹಾಗೆ ಕಾಯುವವನಿಗೂ ಕಂಪನಿ ಸಂಬಳ ಕೊಡಲೇಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಕಂಪನಿ ಕೊಡಲಿಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದಿತ್ತು. ಆದರೆ ವೀಸಾ ಮುಂದುವರಿಯಬೇಕಾದರೆ ಸಂಬಳದ ಚೀಟಿಗಳನ್ನು ತೋರಿಸಬೇಕು. ಸಂಬಳ ತಡೆದವರು ಕಂಪನಿಯವರು, ಚೀಟಿಯಿಲ್ಲದೆ ಸಿಕ್ಕಿಬೀಳುವವನು ನೌಕರ. ಅವನು ಬಾಯಿ ಮುಚ್ಚಿಕೊಂಡ.

ಆ ಚಳಿಗಾಲದಲ್ಲೇ ಅವನ ತಂದೆ ತೀರಿಕೊಂಡರು. ಟಿಕೆಟಿಗೆ ನಾವು ಹಣ ಸೇರಿಸಿದೆವು. ಅವನು ಹೋಗಲಿಲ್ಲ. ಪಾಸ್‌ಪೋರ್ಟಿನಲ್ಲಿದ್ದ ವೀಸಾದ ಅವಧಿ ಮುಗಿದಿತ್ತು. ಹೋದರೆ ಮರಳಿ ಬರಲು ಚೆನ್ನೈಯಲ್ಲಿ ಹೊಸ ವೀಸಾ ಕೇಳಬೇಕು, ಅಲ್ಲಿ ಚೀಟಿಗಳ ಪ್ರಶ್ನೆ ಏಳುತ್ತದೆ. ಊರಿನಲ್ಲಿ ತಂಗಿಯ ಮದುವೆಗೆ ಮಾಡಿದ ಸಾಲ ಬೇರೆ ಇತ್ತು. ಚಿತೆಗೆ ತಮ್ಮ ಬೆಂಕಿಯಿಟ್ಟ. ಇವನು ಆ ರಾತ್ರಿಯೂ ಕೂತು ಮೂರು ಕಡೆ ಕೆಲಸಕ್ಕೆ ಅರ್ಜಿ ಕಳಿಸಿದ.

ಗಲ್ಫಿಗೆ ಹೊರಟವನನ್ನು ನಮ್ಮ ಮನೆಗಳಲ್ಲಿ ಮೊದಲು ಕೇಳುವುದು ಕಫೀಲ ಹೇಗಿದ್ದಾನೆ ಎಂದು. ಎರಡೂ ಒಂದೇ ಎನ್ನಲಾರೆ. ಅಮೆರಿಕದಲ್ಲಿ ನಮ್ಮ ಪಾಸ್‌ಪೋರ್ಟ್ ನಮ್ಮ ಬಳಿಯೇ ಇತ್ತು, ಕೋರ್ಟಿನ ಬಾಗಿಲೂ ತೆರೆದಿತ್ತು. ಆದರೂ ಅಮೆರಿಕಕ್ಕೆ ಹೊರಟವನನ್ನು ಯಾರೂ ಆ ಪ್ರಶ್ನೆ ಕೇಳುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ಬಾಗಿಲು ಮುಚ್ಚಿತೆಂದು ಎಲ್ಲರೂ ಮರುಗಿದರು. ಬಾಗಿಲ ಒಳಗಿದ್ದವರ ಪಾಡಿನ ಬಗ್ಗೆ ಮಾತು ಕಡಿಮೆ. ಹೊರದೇಶದ ಕೆಲಸದ ಪತ್ರ ಹಿಡಿದು ಹುಡುಗರು ಈಗಲೂ ನನ್ನ ಬಳಿ ಬರುತ್ತಾರೆ. ಸಂಬಳ ಎಷ್ಟೆಂದು ನಾನು ಕೇಳುವುದಿಲ್ಲ. ಮಧ್ಯೆ ಎಷ್ಟು ಕಂಪನಿಗಳಿವೆ, ಬಿಟ್ಟರೆ ದಂಡ ಕಟ್ಟಬೇಕೆಂದು ಬರೆಸಿಕೊಂಡಿದ್ದಾರೆಯೇ, ಕೆಲಸವಿಲ್ಲದ ತಿಂಗಳ ಸಂಬಳ ಯಾರು ಕೊಡುತ್ತಾರೆ ಎಂದು ಕೇಳುತ್ತೇನೆ. ಹುಡುಗರ ಅಪ್ಪ-ಅಮ್ಮಂದಿರೂ ಇಷ್ಟನ್ನು ಕೇಳಬೇಕು.