ಕಲ್ಯಾಣದಲ್ಲಿ ಊಟಕ್ಕೆ ಎಲ್ಲಿ ಕೂರುವುದು?

ಬಸವಕಲ್ಯಾಣಕ್ಕೆ ಹೋದರೆ ಕೋಟೆಯ ದಾರಿ ತೋರಿಸುವವರು ಬೇಕಾದಷ್ಟು ಸಿಗುತ್ತಾರೆ. ಮಕ್ಕಳೊಂದಿಗೆ ಬಂದ ಹೆಂಗಸರು ಊಟಕ್ಕೆ ಎಲ್ಲಿ ಕೂರಬೇಕೆಂದು ಹೇಳುವವರು ಕಡಿಮೆ. ಇದು ಕಲ್ಯಾಣಿ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಇಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆಗೆಂದೇ ಒಂದು ಭಾಗವಿದೆ. ಉದ್ದಿನ ಹಿಟ್ಟಿನ ಇಡ್ಲಿಯಂಥ ತಿಂಡಿಯಿಂದ ಹಿಡಿದು ಸುಟ್ಟ ಮಾಂಸದವರೆಗೆ ಎಲ್ಲವೂ ಅದರಲ್ಲಿದೆ.

ಹೈದರಾಬಾದ್ ಕಡೆಯಿಂದ ಪುಣೆ ಹೆದ್ದಾರಿಯಲ್ಲಿ ಬಂದರೆ ಮೊದಲು ಸಿಗುವುದು ಹುಮನಾಬಾದ್. ಬೀದರ್, ಕಲಬುರಗಿ ರಸ್ತೆಗಳೂ ಇಲ್ಲೇ ಕೂಡುತ್ತವೆ. ಹೆದ್ದಾರಿಯ ಢಾಬಾಗಳು ಲಾರಿ ಚಾಲಕರನ್ನು ನೆಚ್ಚಿಕೊಂಡವು. ತಂದೂರಿ ರೊಟ್ಟಿ, ದಾಲ್ ಬಿಸಿಬಿಸಿಯಾಗಿ ಸಿಗುತ್ತವೆ, ಆದರೆ ಹೆಂಗಸರಷ್ಟೇ ಹೋದರೆ ಮುಜುಗರ. ನನ್ನನ್ನು ಕೇಳಿದರೆ ಊರೊಳಗಿನ ಖಾನಾವಳಿಯೇ ವಾಸಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಮಾಂಸವೇ ಇಲ್ಲದ ಕಡೆ ಹಲಾಲೋ ಅಲ್ಲವೋ ಎಂದು ವಿಚಾರಿಸುವ ಕೆಲಸವೂ ಇಲ್ಲ!

ಬಿರಿಯಾನಿ ಹೋಟೆಲುಗಳಲ್ಲಿ “ಆಪಾ, ಒಳಗೆ ಫ್ಯಾಮಿಲಿ ರೂಮ್ ಇದೆ” ಎಂದು ಹುಡುಗ ಗೌರವದಿಂದಲೇ ಕರೆದೊಯ್ಯುತ್ತಾನೆ. ಪರದೆ ಇರುತ್ತದೆ, ನಖಾಬ್ ಸರಿಸಿ ನೆಮ್ಮದಿಯಿಂದ ಉಣ್ಣಬಹುದು. ಆದರೆ ಎಷ್ಟೋ ಕಡೆ ಅಲ್ಲಿ ಕಿಟಕಿ ಇರುವುದಿಲ್ಲ, ಚಿಲಕವಿರುವ ಶೌಚಾಲಯವಂತೂ ಅಪರೂಪ. ಅದಕ್ಕೇ ನಮ್ಮ ಹೆಂಗಸರು ಪ್ರಯಾಣದಲ್ಲಿ ನೀರನ್ನೇ ಕುಡಿಯುವುದಿಲ್ಲ. ಬೀದರ್ ಜಿಲ್ಲೆಯ ಬಿಸಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೆ ತಡೆದುಕೊಂಡರೆ ತಲೆನೋವು, ಉರಿಮೂತ್ರ ಗಂಟು ಬೀಳುತ್ತವೆ. ಹೋಟೆಲ್ ಆರಿಸುವಾಗ ಬಿರಿಯಾನಿಯ ಬೆಲೆ ಕೇಳುವ ಮೊದಲು ಶೌಚಾಲಯ ಕೇಳಿ, ಸಂಕೋಚ ಬೇಡ. ಹತ್ತು ಹೆಂಗಸರು ಕೇಳಿದರೆ ಮಾಲೀಕರು ಒಂದು ಚಿಲಕವನ್ನಾದರೂ ಹಾಕಿಸಿಯಾರು.

ಇನ್ನು ಕಲ್ಯಾಣಿ ಬಿರಿಯಾನಿ. ಎಮ್ಮೆ ಮಾಂಸದ ಸಣ್ಣ ತುಂಡುಗಳು, ಟೊಮೆಟೊ, ಜೀರಿಗೆ, ಕೊತ್ತಂಬರಿ ಹಾಕಿ ಮಾಡುವ ಇದನ್ನು ಹೈದರಾಬಾದಿನಲ್ಲಿ ಬಡವರ ಬಿರಿಯಾನಿ ಎನ್ನುತ್ತಾರೆ. ಕಲ್ಯಾಣದ ನವಾಬರು ಅಲ್ಲಿದ್ದ ತಮ್ಮ ದೇವಡಿಯಲ್ಲಿ ಊರಿನಿಂದ ಬಂದವರಿಗೆಲ್ಲ ಇದನ್ನು ಬಡಿಸುತ್ತಿದ್ದರಂತೆ. ವಿಚಿತ್ರವೆಂದರೆ, ಖುದ್ದು ಕಲ್ಯಾಣದಲ್ಲಿ ನಾವು ನೋಡಿದ ಬೋರ್ಡುಗಳ ಮೇಲೆಲ್ಲ ಇದ್ದದ್ದು ‘ಹೈದರಾಬಾದಿ ದಮ್ ಬಿರಿಯಾನಿ’. ಊರಿನ ನಿಜವಾದ ರುಚಿ ಬೇಕಿದ್ದರೆ ಯಾರದಾದರೂ ಮದುವೆಯ ದಿನ ನೋಡಿಕೊಂಡು ಹೋಗಿ. ಬಗಾರಾ ಖಾನಾ, ದಾಲ್ಚಾ ಸಿಗುತ್ತದೆ. ಹೆಂಗಸರ ಪಂಕ್ತಿಯೂ ಬೇರೆ ಇರುತ್ತದೆ, ನೀರನ್ನೂ ಧಾರಾಳವಾಗಿ ಕುಡಿಯಬಹುದು.